ಡೇಟಾಬೇಸ್ ನಾರ್ಮಲೈಸೇಶನ್

ಡೇಟಾಬೇಸ್ ನಾರ್ಮಲೈಸೇಶನ್ ಅಥವಾ ಸಾಮಾನ್ಯೀಕರಣ ಎಂಬುದು ಪ್ರತಿಯೊಂದು ಮಾಹಿತಿಯೂ ಒಂದೇ ಸ್ಥಳದಲ್ಲಿ ದಾಖಲಾಗುವಂತೆ ಸಂಬಂಧಾತ್ಮಕ ಡೇಟಾಬೇಸ್‌ನ ಕೋಷ್ಟಕಗಳನ್ನು ವಿಭಜಿಸುವ ವಿನ್ಯಾಸ ಕ್ರಮವಾಗಿದೆ. ಐಬಿಎಂ ಸಂಸ್ಥೆಯ ಎಡ್ಗರ್ ಎಫ್. ಕಾಡ್ ಇದನ್ನು 1970ರಲ್ಲಿ ಮಂಡಿಸಿದರು. ಎರಡನೆಯ ಮತ್ತು ಮೂರನೆಯ ಸಾಮಾನ್ಯ ರೂಪಗಳನ್ನು 1971ರಲ್ಲಿ ನಿರೂಪಿಸಿದರು.

ಅಗತ್ಯ

ಗ್ರಂಥಾಲಯವೊಂದರ ಎರವಲು ಕೋಷ್ಟಕದ ಪ್ರತಿ ಸಾಲಿನಲ್ಲಿ ಸದಸ್ಯ ಸಂಖ್ಯೆ, ಸದಸ್ಯರ ವಿಳಾಸ, ಪುಸ್ತಕ ಸಂಖ್ಯೆ, ಶೀರ್ಷಿಕೆ ಮತ್ತು ಎರವಲು ದಿನಾಂಕ ಇವೆ ಎಂದು ಭಾವಿಸಬಹುದು. 20 ಪುಸ್ತಕ ಪಡೆದ ಸದಸ್ಯರ ವಿಳಾಸವು 20 ಬಾರಿ ದಾಖಲಾಗುತ್ತದೆ. ವಿಳಾಸ ಬದಲಾದಾಗ ಒಂದು ಸಾಲು ತಿದ್ದದೆ ಉಳಿದರೂ ಒಬ್ಬರಿಗೇ ಎರಡು ವಿಳಾಸಗಳಾಗಿ, ಸರಿಯಾದುದು ಯಾವುದೆಂದು ಕೋಷ್ಟಕದಿಂದ ತಿಳಿಯದು. ಇನ್ನೂ ಪುಸ್ತಕ ಪಡೆಯದ ಸದಸ್ಯರನ್ನು ಸೇರಿಸಲಾಗದು. ಸದಸ್ಯರೊಬ್ಬರ ಏಕೈಕ ಎರವಲು ದಾಖಲೆಯನ್ನು ಅಳಿಸಿದರೆ ಅವರ ವಿಳಾಸವೂ ಅಳಿದುಹೋಗುತ್ತದೆ. ಇವನ್ನು ಕ್ರಮವಾಗಿ ತಿದ್ದುಪಡಿ, ಸೇರ್ಪಡೆ ಮತ್ತು ಅಳಿಸುವಿಕೆಯ ಅಸಂಗತತೆಗಳು ಎನ್ನುತ್ತಾರೆ.

ಸಾಮಾನ್ಯ ರೂಪಗಳು

* ಮೊದಲನೆಯದು: ಪ್ರತಿ ಕೋಶದಲ್ಲಿ ಒಂದೇ ಮೌಲ್ಯವಿರಬೇಕು. ಹಲವು ಶೀರ್ಷಿಕೆಗಳನ್ನು ಒಂದೇ ಕೋಶದಲ್ಲಿ ಬರೆಯುವಂತಿಲ್ಲ.
* ಎರಡನೆಯದು: ಕೀಲಿಯ ಭಾಗವಲ್ಲದ ಅಂಕಣವು ಪೂರ್ಣ ಕೀಲಿಯನ್ನು ಅವಲಂಬಿಸಬೇಕು. ಇಲ್ಲಿ ಸದಸ್ಯ ಸಂಖ್ಯೆ, ಪುಸ್ತಕ ಸಂಖ್ಯೆ, ದಿನಾಂಕ ಮೂರೂ ಸೇರಿ ಕೀಲಿಯಾಗುತ್ತವೆ. ವಿಳಾಸವು ಸದಸ್ಯ ಸಂಖ್ಯೆಯನ್ನು, ಶೀರ್ಷಿಕೆಯು ಪುಸ್ತಕ ಸಂಖ್ಯೆಯನ್ನು ಮಾತ್ರ ಅವಲಂಬಿಸುವುದರಿಂದ ಅವುಗಳನ್ನು ಸದಸ್ಯರ ಮತ್ತು ಪುಸ್ತಕಗಳ ಪ್ರತ್ಯೇಕ ಕೋಷ್ಟಕಗಳಿಗೆ ಸೇರಿಸಲಾಗುತ್ತದೆ.
* ಮೂರನೆಯದು: ಅಂತಹ ಅಂಕಣವು ಕೀಲಿಯಲ್ಲದ ಇನ್ನೊಂದು ಅಂಕಣವನ್ನು ಅವಲಂಬಿಸಬಾರದು. ಪುಸ್ತಕಗಳ ಕೋಷ್ಟಕದಲ್ಲಿ ಪ್ರಕಾಶಕರ ಸಂಖ್ಯೆಯಷ್ಟೇ ಇದ್ದು, ಪ್ರಕಾಶಕರ ವಿಳಾಸವು ಬೇರೆ ಕೋಷ್ಟಕದಲ್ಲಿರಬೇಕು.

ಮಿತಿ

ವಿಭಜಿತ ಕೋಷ್ಟಕಗಳಿಂದ ಪೂರ್ಣ ವಿವರ ಪಡೆಯಲು ಅವುಗಳನ್ನು ಮತ್ತೆ ಜೋಡಿಸಬೇಕಾಗುತ್ತದೆ. ಆದ್ದರಿಂದ ಓದುವ ವೇಗವೇ ಮುಖ್ಯವಾದ ವರದಿ ವ್ಯವಸ್ಥೆಗಳಲ್ಲಿ ಕೆಲವೊಮ್ಮೆ ಉದ್ದೇಶಪೂರ್ವಕವಾಗಿ ಪುನರಾವರ್ತನೆಯನ್ನು ಉಳಿಸಿಕೊಳ್ಳಲಾಗುತ್ತದೆ.