ಕಣ್ಣಿನ ಒಡ್ಡು

ದೂಧಗಂಗೆಯ ಸೀಮೆಯಾದ ಏಕಸಂಬಿಯ ರೈತನು ಹೊಲದ ಒಡ್ಡಿನ ದಪ್ಪವನ್ನು ನೋಡಿದಷ್ಟಕ್ಕೇ ತೃಪ್ತನಾಗುವವನಲ್ಲ. ಮಳೆಗಾಲದ ನೀರು ಬಂದು ಒತ್ತಿದಾಗ ಯಾವ ಮಣ್ಣು ಬಿಗಿಹಿಡಿದು ನಿಲ್ಲುವುದು, ಯಾವುದು ಸಡಿಲಿ ಉಬ್ಬುವುದು ಎಂಬುದನ್ನೂ ಆತನು ಬಲ್ಲನು. ನಮ್ಮ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ಅಂಥದೇ ಒಂದು ಒಡ್ಡು. ನಡುವೆ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುವ ಈ ಪಟಲವು, ಕೊಲಾಜೆನ್ ಎಳೆಗಳ ನೂರಾರು ಪದರಗಳ ಹೆಣಿಗೆಯ ಬಲದಿಂದ, ಕಣ್ಣೊಳಗಿನ ದ್ರವದ ಒತ್ತಡವನ್ನು ಹಗಲಿರುಳೂ ತಾಳಿಕೊಂಡಿರುತ್ತದೆ.

ಸಮೀಪದೃಷ್ಟಿಯುಳ್ಳವರಲ್ಲಿ ದೂರದ ವಸ್ತುವಿನ ಬಿಂಬವು ಅಕ್ಷಿಪಟಲಕ್ಕಿಂತ ಮುಂದೆಯೇ ಮೂಡುವುದರಿಂದ, ಲೇಸಿಕ್ ಎಂಬ ಲೇಸರ್ ಶಸ್ತ್ರಚಿಕಿತ್ಸೆಯು ಕಾರ್ನಿಯಾದ ನಡುಭಾಗವನ್ನು ಕೊರೆದು ಚಪ್ಪಟೆಗೊಳಿಸುತ್ತದೆ. 6 ಮಿಲಿಮೀಟರ್ ವ್ಯಾಸದ ವಲಯದಲ್ಲಿ ಕನ್ನಡಕದ ನಂಬರಿನ ಮಾನವಾದ ಒಂದು ಡಯಾಪ್ಟರಿಗೆ ಸುಮಾರು 12 ಮೈಕ್ರಾನ್‌ನಂತೆ, ಮೈನಸ್ 6 ನಂಬರಿನ ಕಣ್ಣು 72 ಮೈಕ್ರಾನ್ ಕಳೆದುಕೊಳ್ಳುವುದು. ಕೊರೆಯುವ ಮುನ್ನ ಮೇಲಿಂದ ಎತ್ತಿ ಮರಳಿ ಹೊದಿಸಿದ ತೆಳುಪದರವೂ ಮೊದಲಿನಂತೆ ಒತ್ತಡವನ್ನು ಹೊರಲಾರದು. ಮೂಲದಲ್ಲೇ ದುರ್ಬಲವಾದ ಪಟಲವಾದರೆ ಕಾಲಕ್ರಮದಲ್ಲಿ ಮುಂದಕ್ಕುಬ್ಬಿ ದೃಷ್ಟಿಯನ್ನು ಕೆಡಿಸೀತು. ವಿರಳವಾದರೂ ಘೋರವಾದ ಈ ವಿಕಾರವನ್ನು 1998ರಲ್ಲಿ ನೇತ್ರತಜ್ಞ ಥಿಯೋ ಸೈಲರ್ ಮತ್ತು ಸಂಗಡಿಗರು ವರದಿ ಮಾಡಿದರು.

ದಪ್ಪವನ್ನೂ ಮೇಲ್ಮೈಯ ಏರಿಳಿತವನ್ನೂ ಅಳೆದರೆ ರೂಪ ತಿಳಿಯುವುದೇ ಹೊರತು ಧಾರಣಶಕ್ತಿ ತಿಳಿಯದು. ಆದುದರಿಂದ ಕಾರ್ವಿಸ್ ಎಂಬ ಯಂತ್ರವು ಕಣ್ಣಿನ ಮೇಲೆ ಗಾಳಿಯ ಒಂದು ಪುಟ್ಟ ಊದನ್ನು ಬಿಟ್ಟು, ಸೆಕೆಂಡಿಗೆ 4,300ಕ್ಕೂ ಮಿಕ್ಕ ಚಿತ್ರಗಳ ವೇಗದಲ್ಲಿ, ಪಟಲವು ಒಳಕ್ಕೆ ಬಾಗಿ ಮರಳಿ ನೆಟ್ಟಗಾಗುವ ಕ್ರಮವನ್ನು ಸುಮಾರು 30 ಮಿಲಿಸೆಕೆಂಡುಗಳೊಳಗೆ ಸೆರೆಹಿಡಿಯುತ್ತದೆ. ಮೆತ್ತನೆಯ ಪಟಲವು ಬೇಗನೆ, ಆಳವಾಗಿ ಬಾಗುವುದು, ಗಟ್ಟಿಯಾದುದು ಎದುರೊಡ್ಡುವುದು. ಆದರೆ ಕಣ್ಣೊಳಗಿನ ಒತ್ತಡವೂ ಪಟಲದ ದಪ್ಪವೂ ಈ ಬಾಗುವಿಕೆಯನ್ನು ಪ್ರಭಾವಿಸುವುದರಿಂದ, ಒಂದೇ ಅಂಕಿಯನ್ನು ನಂಬದೆ, ವಯಸ್ಸು, ಕಣ್ಣುಜ್ಜುವ ಅಭ್ಯಾಸ, ಮನೆತನದಲ್ಲಿ ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ರೋಗ) ಇತ್ತೇ ಎಂಬ ವಿಚಾರಗಳೊಡನೆ ಅದನ್ನು ತೂಗಿನೋಡಬೇಕಾಗುತ್ತದೆ.

ಡಾ. ಕೆ. ಭುಜಂಗ ಶೆಟ್ಟರು 1982ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ನಾರಾಯಣ ನೇತ್ರಾಲಯದಲ್ಲಿ, ಅಭಿಜಿತ್ ಸಿನ್ಹಾ ರಾಯ್ ಮೊದಲಾದ ಸಂಶೋಧಕರು ಶಸ್ತ್ರಚಿಕಿತ್ಸೆಗೆ ಮುಂಚಿನ ಹಾಗೂ ಅನಂತರದ ಕಾರ್ನಿಯಾದ ಬಲಾಬಲವನ್ನು ಅಭ್ಯಸಿಸಿರುವುದು ಕನ್ನಡನಾಡಿಗೆ ಹೆಮ್ಮೆಯ ಸಂಗತಿ.

ಕನ್ನಡಕವನ್ನು ಕಳಚಿಡುವ ಹಂಬಲದಿಂದ ಚಿಕ್ಕೋಡಿ, ಅಥಣಿಗಳ ಕಡೆಯಿಂದ ಪಟ್ಟಣದ ಆಸ್ಪತ್ರೆಗೆ ಬಂದ ತರುಣನಿಗೆ, "ಈ ಕೊರೆತವು ನಿನ್ನ ಕಣ್ಣಿಗೆ ಸಲ್ಲದು" ಎಂದು ವೈದ್ಯರು ಹೇಳಿದರೆ ಆತನು ಕುಗ್ಗಬೇಕಾದುದಿಲ್ಲ. ಕನ್ನಡಕವಿದ್ದೇ ಇದೆ, ಯೋಗ್ಯವೆನಿಸಿದರೆ, ಕಾರ್ನಿಯಾವನ್ನು ಕೊರೆಯದೆಯೇ ಕಣ್ಣೊಳಗೆ ಮಸೂರವನ್ನು ಕೂರಿಸುವ ಮಾರ್ಗವೂ ಇದೆ. ನೀರನ್ನು ಕಾಯುವ ಒಡ್ಡಿನಿಂದ ಮಣ್ಣು ತೆಗೆಯುವ ಮುನ್ನ, ಅದು ಎಷ್ಟನ್ನು ಬಿಟ್ಟುಕೊಡಬಲ್ಲುದೆಂದು ವಿಚಾರಿಸುವವನೇ ಹೊಲದ ಹಿತವನ್ನು ಬಲ್ಲವನು.