ಸೊಂಟನೋವು: ಔಷಧರಹಿತ ಚಿಕಿತ್ಸೆಯ ಪ್ರಯೋಜನ ಮತ್ತು ಮಿತಿ

ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿರುವ ವರ್ತಕರಿಗೂ, ಲೇತ್ ಯಂತ್ರದ ಎದುರು ನಿಲ್ಲುವ ಕುಶಲಕರ್ಮಿಗಳಿಗೂ, ಗೋದಾಮಿನಲ್ಲಿ ಮೂಟೆ ಹೊರುವ ಹಮಾಲರಿಗೂ ಸಮಾನವಾಗಿ ಕಾಡುವ ತೊಂದರೆ ಸೊಂಟನೋವು. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರು ಇದರಿಂದ ಬಳಲುತ್ತಿದ್ದರೆಂದು ಅಂದಾಜಿಸಲಾಗಿದೆ. ನುರಿತ ಕೆಲಸಗಾರನೊಬ್ಬ ವಾರಕಾಲ ಬಾರದಿದ್ದರೆ ಸಣ್ಣ ಘಟಕದ ಉತ್ಪಾದನೆ ಕುಂಠಿತವಾಗುತ್ತದೆ. ದಿನಗೂಲಿಯವನಿಗಾದರೋ ಅದು ವಾರದ ಅನ್ನದ ಪ್ರಶ್ನೆ.

ಆದುದರಿಂದಲೇ ಅನೇಕರು ಔಷಧದಂಗಡಿಯಿಂದ ತಾವೇ ಮಾತ್ರೆ ತಂದು ನುಂಗಿ ಕೆಲಸಕ್ಕೆ ಹಾಜರಾಗುತ್ತಾರೆ. ಡೈಕ್ಲೋಫೆನಾಕ್, ಐಬುಪ್ರೊಫೇನ್‌ನಂತಹ ನೋವುನಿವಾರಕಗಳನ್ನು ದೀರ್ಘಕಾಲ ಸೇವಿಸಿದರೆ ಜಠರದ ಹುಣ್ಣು, ರಕ್ತಸ್ರಾವ ಮತ್ತು ಮೂತ್ರಪಿಂಡದ ಹಾನಿ ಸಂಭವಿಸಬಹುದು. ಅಮೆರಿಕದ ವೈದ್ಯರ ಸಂಸ್ಥೆಯಾದ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ನೀಡಿದ ಮಾರ್ಗಸೂಚಿಯು, ಸಾಮಾನ್ಯ ಸೊಂಟನೋವಿಗೆ ಮೊದಲು ಶಾಖ, ಅಂಗಮರ್ದನ, ವ್ಯಾಯಾಮಗಳಂತಹ ಔಷಧರಹಿತ ಕ್ರಮಗಳನ್ನೇ ಅನುಸರಿಸಲು ಸೂಚಿಸಿತು. ಹಾಸಿಗೆ ಹಿಡಿದು ಮಲಗುವುದಕ್ಕಿಂತ ಸಾಧ್ಯವಾದಷ್ಟು ಚಟುವಟಿಕೆಯಿಂದಿರುವುದು ಒಳಿತು.

ಇಂತಹ ಕ್ರಮಗಳಲ್ಲಿ ಕೈರೋಪ್ರಾಕ್ಟಿಕ್ ಸಹ ಒಂದು. 1895ರಲ್ಲಿ ಅಮೆರಿಕದ ಡೇವನ್‌ಪೋರ್ಟ್ ನಗರದಲ್ಲಿ ಡಿ. ಡಿ. ಪಾಮರ್ ಆರಂಭಿಸಿದ ಈ ಪದ್ಧತಿಯಲ್ಲಿ, ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಒತ್ತಿ ಸರಿಪಡಿಸಲಾಗುತ್ತದೆ. ಬಹುತೇಕ ರೋಗಗಳಿಗೆ ಬೆನ್ನುಮೂಳೆಯ ದೋಷವೇ ಕಾರಣವೆಂಬ ಪಾಮರರ ವಾದವನ್ನು ವಿಜ್ಞಾನವು ಒಪ್ಪಿಲ್ಲ. ಆದರೆ ಸೊಂಟನೋವಿನ ಮಟ್ಟಿಗೆ ಇದರಿಂದ ಸಾಧಾರಣ ಪ್ರಮಾಣದ ಉಪಶಮನ ದೊರೆಯುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿಯು ದೀರ್ಘಕಾಲದ ಸೊಂಟನೋವಿಗೆ ವ್ಯಾಯಾಮ ಮತ್ತು ತಿಳಿವಳಿಕೆಯ ಜೊತೆಗೆ ಇದನ್ನೂ ಪರಿಗಣಿಸಬಹುದೆಂದಿದೆ. ಸೊಂಟಪಟ್ಟಿ ಮತ್ತು ಟ್ರ್ಯಾಕ್ಷನ್‌ಗಳನ್ನು ವಾಡಿಕೆಯಾಗಿ ಬಳಸುವುದನ್ನು ಅದು ಅನುಮೋದಿಸಿಲ್ಲ.

ಎಚ್ಚರಿಕೆಯೂ ಅವಶ್ಯಕ. ಮೂಳೆ ಸವಕಳಿ, ಬೆನ್ನುಮೂಳೆಯ ಸೋಂಕು ಅಥವಾ ಗೆಡ್ಡೆ ಇರುವವರಿಗೆ ಈ ಚಿಕಿತ್ಸೆ ಸಲ್ಲದು. ಕುತ್ತಿಗೆಯನ್ನು ರಭಸದಿಂದ ತಿರುಗಿಸಿದಾಗ, ವಿರಳವಾಗಿಯಾದರೂ, ರಕ್ತನಾಳ ಹರಿದು ಪಾರ್ಶ್ವವಾಯು ಉಂಟಾದ ಪ್ರಸಂಗಗಳಿವೆ. ಕಾಲಿನಲ್ಲಿ ಬಲಹೀನತೆ, ಮಲಮೂತ್ರಗಳ ಮೇಲೆ ಹತೋಟಿ ತಪ್ಪುವಿಕೆ, ಜ್ವರ ಅಥವಾ ಬಿದ್ದ ಪೆಟ್ಟಿನ ನೋವಿದ್ದಲ್ಲಿ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಭಾರತದಲ್ಲಿ ಭೌತಚಿಕಿತ್ಸೆಯು 2021ರ ಸಹಾಯಕ ಮತ್ತು ಆರೋಗ್ಯರಕ್ಷಣಾ ವೃತ್ತಿಗಳ ಕಾಯ್ದೆಯ ವ್ಯಾಪ್ತಿಗೆ ಬಂದಿದೆ. ಕೈರೋಪ್ರಾಕ್ಟಿಕ್‌ಗೆ ಪ್ರತ್ಯೇಕ ಶಾಸನಬದ್ಧ ಮಂಡಳಿಯಿಲ್ಲ. ಆದ್ದರಿಂದ ಚಿಕಿತ್ಸಕರ ವಿದ್ಯಾರ್ಹತೆಯನ್ನು ವಿಚಾರಿಸಿಯೇ ಮುಂದುವರಿಯುವುದು ಕ್ಷೇಮ.

ಚಿಕಿತ್ಸೆ ಯಾವುದೇ ಇರಲಿ, ನೋವಿಗೆ ಕಾರಣವಾದ ಕೆಲಸದ ರೀತಿ ಬದಲಾಗದಿದ್ದರೆ ನೋವು ಮರುಕಳಿಸುತ್ತದೆ. ಒಬ್ಬ ವಯಸ್ಕ ಪುರುಷನು ಹೊರುವ ಗರಿಷ್ಠ ಭಾರವನ್ನು 55 ಕಿಲೋಗೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿದೆ. ಮೂಟೆಗಳ ತೂಕವನ್ನು ತಗ್ಗಿಸುವುದು, ಕೈಗಾಡಿ ಒದಗಿಸುವುದು, ಕೆಲಸದ ಮೇಜನ್ನು ಸೊಂಟದೆತ್ತರಕ್ಕೆ ಹೊಂದಿಸುವುದು, ಗಂಟೆಗೊಮ್ಮೆ ಎದ್ದು ನಡೆದಾಡಲು ಅವಕಾಶ ನೀಡುವುದು ಮಾಲೀಕರ ಕೈಯಲ್ಲಿಯೇ ಇವೆ. ಇವುಗಳಿಗೆ ತಗಲುವ ವೆಚ್ಚ ಅಲ್ಪ. ಉಳಿಯುವುದು ಕೆಲಸಗಾರನ ಬೆನ್ನು ಮತ್ತು ಉದ್ಯಮದ ದುಡಿಮೆಯ ದಿನಗಳು.