ಒಂದು ಇಂಚು ಎತ್ತರವಾದ ಕಾರು

1962ರಲ್ಲಿ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಿಂದ ಎಂ.ಜಿ.ಬಿ. ಎಂಬ ಪುಟ್ಟ ಸ್ಪೋರ್ಟ್ಸ್ ಕಾರು ಹೊರಬಂತು. ಎರಡೇ ಸೀಟು, ಮಡಚುವ ಬಟ್ಟೆಯ ಮಾಡು, ಮುಂದೆ ಫಳಫಳ ಹೊಳೆಯುವ ಕ್ರೋಮ್. 1965ರಲ್ಲಿ ಗಟ್ಟಿ ಮಾಡಿನ ಜಿ.ಟಿ. ಬಂತು, ಅದರ ಹಿಂದಿನ ಸೀಟು ಚಿಕ್ಕ ಮಕ್ಕಳಿಗಷ್ಟೇ ಸಾಲುವಂಥದ್ದು!

ಈ ಕಾರಿಗೆ ದೊಡ್ಡ ಮಾರುಕಟ್ಟೆ ಅಮೆರಿಕ. ಅಲ್ಲಿನ ಸುರಕ್ಷತಾ ಕಾನೂನು ಬಿಗಿಯಾದಾಗ, 1974ರಲ್ಲಿ ಕ್ರೋಮ್ ಬಂಪರ್ ಹೋಗಿ ದಪ್ಪನೆಯ ಕಪ್ಪು ಬಂಪರ್ ಬಂತು. ಅಭಿಮಾನಿಗಳು ಅದನ್ನು ರಬ್ಬರ್ ಬಂಪರ್ ಎಂದೇ ಕರೆದರು. ಕಾನೂನು ಹೇಳಿದ ಎತ್ತರಕ್ಕೆ ಬಂಪರ್ ನಿಲ್ಲಬೇಕಲ್ಲ? ಇಡೀ ಕಾರನ್ನೇ ಸುಮಾರು ಒಂದು ಇಂಚು ಮೇಲೆತ್ತಿದರು. ಅಂದ ಕೆಟ್ಟದ್ದು ಹೋಗಲಿ, ತಿರುವಿನಲ್ಲಿ ಕಾರು ವಾಲತೊಡಗಿತು. ಆ ದೋಷ ಸಾಕಷ್ಟು ಸರಿಯಾದದ್ದು 1976ರಲ್ಲಿ.

ಐದು ಲಕ್ಷಕ್ಕೂ ಮಿಕ್ಕಿ ಕಾರುಗಳನ್ನು ಕೊಟ್ಟ ಆ ಕಾರ್ಖಾನೆಯನ್ನು 1980ರಲ್ಲಿ ಮುಚ್ಚಲಾಯಿತು. ಇಂದಿಗೂ ಎಷ್ಟೋ ಮಾಲಕರು ಕಪ್ಪು ಬಂಪರ್ ಬಿಚ್ಚಿ ಕ್ರೋಮ್ ತೊಡಿಸುತ್ತಾರೆ, ಕಾರನ್ನು ಮತ್ತೆ ಕೆಳಗಿಳಿಸುತ್ತಾರೆ.